ಕಾಫಿ ಯಂತ್ರದ ಸಣ್ಣ ವಾಲ್ವು

ನಮ್ಮದು ಚಹಾದ ಸೀಮೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ನೀವು ಯಾರ ಮನೆಗೆ ಹೋದರೂ ಮೊದಲು ತಂಬಿಗೆ ನೀರು, ಆಮೇಲೆ ಚಹಾ. ಕಾಫಿ ಕುಡಿಯುತ್ತೀರಾ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಮನೆಗೆ ಬಂದಾಗ ಕಾಫಿ ಇದೆಯೇ ಎಂದು ಕೇಳಿದ್ದಕ್ಕೆ, ನಮ್ಮ ಅವ್ವ ಅವರಿಗೆ ತಲೆನೋವು ಬಂದಿರಬೇಕೆಂದು ತಿಳಿದು ಔಷಧದ ಡಬ್ಬಿಯನ್ನೇ ತಂದು ಮುಂದಿಟ್ಟಿದ್ದರು.

ಇಂಥ ಸೀಮೆಯಲ್ಲಿ ಕಾಫಿ ಎಂಬುದು ಬಹಳ ಕಾಲ ಮದುವೆ ಮನೆಯ ಪದಾರ್ಥವಾಗಿತ್ತು. ಶಾಮಿಯಾನದ ಒಂದು ಮೂಲೆಯಲ್ಲಿ, ಮೇಜಿನ ಮೇಲೆ, ಫಳಫಳ ಹೊಳೆಯುವ ಒಂದು ಯಂತ್ರ. ಒಳಗೆ ನೀರು ಕುದಿಯುವ ಗಟ್ಟಿ ಟಾಕಿ, ಮುಂದೆ ಗಡಿಯಾರದಂಥ ಒಂದು ಮೀಟರು, ಪಕ್ಕದಲ್ಲಿ ಆನೆಯ ಸೊಂಡಿಲಿನಂತೆ ಇಳಿಬಿದ್ದ ಸಣ್ಣ ಕೊಳವೆ. ಹಾಲು, ಸಕ್ಕರೆ, ಕಾಫಿ ಪುಡಿ ಹಾಕಿದ ಮಗ್ಗನ್ನು ಆ ಕೊಳವೆಗೆ ಹಿಡಿದು ತಿರುಪು ತಿರುಗಿಸಿದರೆ ‘ಸುಂಯ್’ ಎಂದು ಹಬೆ ನುಗ್ಗಿ, ಹಾಲು ನೊರೆನೊರೆಯಾಗಿ ಉಕ್ಕುತ್ತಿತ್ತು. ಮೇಲೆ ಒಂದು ಚಿಟಿಕೆ ಚಾಕೊಲೇಟ್ ಪುಡಿ. ಇದಕ್ಕೆ ನಮ್ಮ ಜನ ಇಟ್ಟ ಹೆಸರು ‘ಎಕ್ಸ್‌ಪ್ರೆಸ್ ಕಾಫಿ’. ಬೇಗ ಆಗುತ್ತದೆ, ರೈಲಿನಂತೆ ಸದ್ದು ಮಾಡುತ್ತದೆ, ಹೆಸರು ಸರಿಯಾಗಿಯೇ ಇತ್ತು. ಬೀಗರು ಊಟದ ಬಗ್ಗೆ ಏನೇ ಅಂದರೂ ‘ಕಾಫಿ ಮಸೀನ್ ತರ್ಸಿದ್ರಪ್ಪಾ’ ಎಂಬ ಮಾತಿನಲ್ಲಿ ಹೆಣ್ಣಿನ ಕಡೆಯವರ ಮಾನ ಉಳಿಯುತ್ತಿತ್ತು.

ಈ ಯಂತ್ರದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯಬೇಕಾಗಿದೆ. ಅದನ್ನು ನನ್ನ ವಿದ್ಯಾರ್ಥಿಗಳಿಗೆ ಹಲವು ಸಲ ಹೇಳಿದ್ದೇನೆ. ಅವರ ತಂದೆ ತಾಯಿಯರಿಗೂ ತಿಳಿಯಲಿ ಎಂದು ಈ ಬರಹ. ಅದಕ್ಕೆ ಮೊದಲು ಯಂತ್ರದ ಪರಿಚಯ ಆಗಬೇಕು.

ಎಸ್ಪ್ರೆಸ್ಸೊ ಎಂಬುದು ಇಟಲಿಯ ಮಾತು. ಒತ್ತಿ ಹಿಂಡಿ ತೆಗೆದದ್ದು ಎಂಬ ಅರ್ಥ ಅದರಲ್ಲಿದೆ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬಾತ ಹಬೆಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ಪು ಕಾಫಿಯನ್ನು ಬೇಗ ತೆಗೆಯುವಂತೆ ಅದನ್ನು ಸುಧಾರಿಸಿದ. ಆತನ ಹಕ್ಕನ್ನು ಕೊಂಡ ಡೆಸಿಡೇರಿಯೊ ಪವೋನಿ ಯಂತ್ರಗಳನ್ನು ತಯಾರಿಸಿ ಮಾರಿದ. ಆ ಯಂತ್ರಗಳಲ್ಲಿ ಹಬೆಯೇ ನೀರನ್ನು ಪುಡಿಯ ಮೂಲಕ ತಳ್ಳುತ್ತಿತ್ತು. ಒತ್ತಡ ಹೆಚ್ಚಿಸಬೇಕಾದರೆ ನೀರು ಇನ್ನೂ ಕಾಯಬೇಕು, ನೀರು ಹೆಚ್ಚು ಕಾದರೆ ಕಾಫಿ ಕಹಿಯಾಗುತ್ತದೆ. ಆಕಿಲೆ ಗಾಜಿಯಾ ಎಂಬಾತ 1938ರಿಂದ ಈ ತೊಡಕಿನ ಮೇಲೆ ಕೆಲಸ ಮಾಡಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಸನ್ನೆಕೋಲು ಮತ್ತು ಸ್ಪ್ರಿಂಗಿನಿಂದ ನೀರನ್ನು ಒತ್ತುವ ಯಂತ್ರವನ್ನು ತಂದ. ಹಬೆಯ ಕೆಲಸವೇ ಬೇರೆ, ಒತ್ತುವ ಕೆಲಸವೇ ಬೇರೆ ಆಯಿತು. 1961ರಲ್ಲಿ ಫಯೇಮಾ ಕಂಪನಿ ಸನ್ನೆಕೋಲಿನ ಬದಲು ವಿದ್ಯುತ್ ಪಂಪು ಕೂಡಿಸಿತು. ಅದರ ಹೆಸರು ಇ-61. ಆ ವರ್ಷದ ಫೆಬ್ರುವರಿ 15ರಂದು ಇಟಲಿಯಲ್ಲಿ ಕಂಡ ಖಗ್ರಾಸ ಸೂರ್ಯಗ್ರಹಣದ ನೆನಪಿಗೆ ‘ಎಕ್ಲಿಪ್ಸ್’ ಎಂಬುದರ ಮೊದಲ ಅಕ್ಷರ ಇಟ್ಟರು. ಕಾಫಿ ಯಂತ್ರಕ್ಕೆ ಗ್ರಹಣದ ಹೆಸರು! ಗ್ರಹಣ ಹಿಡಿದಾಗ ನೀರೂ ಕುಡಿಯದ ನಮ್ಮ ಹಿರಿಯರು ಕೇಳಿದ್ದರೆ ನಗುತ್ತಿದ್ದರು.

ಇಂದಿನ ಯಂತ್ರದಲ್ಲಿ 90ರಿಂದ 96 ಡಿಗ್ರಿ ಬಿಸಿಯ ನೀರನ್ನು ವಾಯುಭಾರದ ಸುಮಾರು 9 ಪಟ್ಟು ಒತ್ತಡದಲ್ಲಿ ನುಣ್ಣನೆಯ ಪುಡಿಯ ಮೂಲಕ ಹಾಯಿಸುತ್ತಾರೆ. ಅರ್ಧ ನಿಮಿಷದೊಳಗೆ ಎರಡು ಮೂರು ಗುಟುಕಿನಷ್ಟು ಗಟ್ಟಿ ಕಾಫಿ ಇಳಿಯುತ್ತದೆ. ನಮ್ಮ ಮದುವೆಯ ಯಂತ್ರ ಇದರ ದೂರದ ನೆಂಟ. ಅದರಲ್ಲಿ ಕಾಫಿಯನ್ನು ಒತ್ತಿ ತೆಗೆಯುವ ಭಾಗವೇ ಇಲ್ಲ. ಬಾಯ್ಲರು ಮತ್ತು ಹಬೆಯ ಕೊಳವೆ ಮಾತ್ರ ಉಳಿದಿದೆ. ಕಾಫಿ ಅಂಗಡಿಯಿಂದ ತಂದ ಪುಡಿ. ಇನ್ನೊಂದು ವಿಚಿತ್ರ ನೋಡಿ. ದೇಶದ ಕಾಫಿಯಲ್ಲಿ ಸುಮಾರು 70 ಪ್ರತಿಶತ ಬೆಳೆಯುವುದು ಕರ್ನಾಟಕದಲ್ಲಿ, ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶ ಇಟಲಿ. ನಮ್ಮ ಬೀಜ ಅಲ್ಲಿಗೆ ಹೋಗುತ್ತದೆ, ಅವರ ಯಂತ್ರದ ಅರ್ಧ ಭಾಗ ನಮ್ಮ ಶಾಮಿಯಾನಕ್ಕೆ ಬಂತು.

ಇಂಥ ಯಂತ್ರದ ಟಾಕಿ ಕೆಡುವುದು ಅಪರೂಪ. ತಾಮ್ರದ್ದೋ ಸ್ಟೀಲಿನದೋ ಆದ ಅದು ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಕೆಡುವುದೆಲ್ಲ ಅಂಗೈಯಲ್ಲಿ ಹಿಡಿಯುವಂಥ ಸಣ್ಣ ವಸ್ತುಗಳು. ಮುಚ್ಚಳದ ಕೆಳಗಿನ ರಬ್ಬರಿನ ಉಂಗುರ, ಅಂದರೆ ಗ್ಯಾಸ್ಕೆಟ್, ಕಾದು ಕಾದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹಬೆಯ ತಿರುಪಿನ ಕಡ್ಡಿಗೆ ಸುತ್ತಿದ ದಾರ ಸವೆದು ಅಲ್ಲಿಂದ ಹನಿ ತೊಟ್ಟಿಕ್ಕುತ್ತದೆ. ಹಿಂದೆ ಅಸ್ಬೆಸ್ಟಾಸ್ ದಾರ ಸುತ್ತುತ್ತಿದ್ದರು, ಅದರ ಎಳೆ ಶ್ವಾಸಕೋಶಕ್ಕೆ ಹಾನಿಕರವೆಂದು ಗೊತ್ತಾದ ಮೇಲೆ ಟೆಫ್ಲಾನ್ ಬಂತು. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ ಒಡೆಯುತ್ತದೆ. ಕಾಯಿಸುವ ಕಾಯಿಲ್ ಸುಟ್ಟುಹೋಗುತ್ತದೆ. ಒತ್ತಡ ತೋರಿಸುವ ಗೇಜಿನ ಮುಳ್ಳು ನಿಲ್ಲುತ್ತದೆ. ಕೊನೆಯದು ಟಾಕಿಯ ತಲೆಯ ಮೇಲೆ ಹೆಬ್ಬೆರಳಿನ ಗಾತ್ರದ ಒಂದು ಹಿತ್ತಾಳೆಯ ತುಂಡು, ರಕ್ಷಣಾ ವಾಲ್ವು. ಒಳಗೆ ಒಂದು ಸಣ್ಣ ಸ್ಪ್ರಿಂಗು, ಅದರ ಕೆಳಗೆ ರಂಧ್ರವನ್ನು ಮುಚ್ಚಿ ಕೂತ ಒಂದು ಬಿಲ್ಲೆ. ಒತ್ತಡ ಮಿತಿ ಮೀರಿದರೆ ಬಿಲ್ಲೆ ಎದ್ದು ಹಬೆಯನ್ನು ಹೊರಗೆ ಬಿಡುತ್ತದೆ. ಇಡೀ ಯಂತ್ರದಲ್ಲಿ ಎಲ್ಲ ದಿನವೂ ಕೆಲಸವಿಲ್ಲದೆ ಕೂತಿರುವ ಭಾಗ ಇದೊಂದೇ. ಆದ್ದರಿಂದಲೇ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2004ರ ಮೇ ತಿಂಗಳಲ್ಲಿ ಆಳಂದದಲ್ಲಿ ನನ್ನ ತಂಗಿಯ ಮದುವೆ. ನಮ್ಮ ಅಪ್ಪ ಆಗಲೇ ತೀರಿಕೊಂಡಿದ್ದರು. ಎಲ್ಲ ಹೊಣೆಯೂ ನನ್ನದು. ಬೀಗರು ಸೋಲಾಪುರದ ಕಡೆಯವರು, ಸ್ವಲ್ಪ ಪಟ್ಟಣದ ಠೀವಿಯವರು. ಹಿಂದಿನ ದಿನವೇ ‘ಕಾಫಿ ಅದನ?’ ಎಂದು ಕೇಳಿಸಿದ್ದರು. ಇದೆ ಎಂದಿದ್ದೆ. ಬಾಡಿಗೆ ಯಂತ್ರದ ಜೊತೆ ಬಂದ ಹುಡುಗನನ್ನು ನೋಡಿದೊಡನೆ ಗುರುತು ಸಿಕ್ಕಿತು. ಅಫಜಲಪುರ ತಾಲ್ಲೂಕಿನ ಶಾಲೆಯಲ್ಲಿ ನನ್ನ ವಿದ್ಯಾರ್ಥಿ. 2000ದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ನಪಾಸಾಗಿ ಊರು ಬಿಟ್ಟವನು. ತರಗತಿಯಲ್ಲಿ ಅವನನ್ನು ನಾನು ‘ಗೋಡೆ’ ಎಂದು ಕರೆಯುತ್ತಿದ್ದೆ. ಏನು ಹೇಳಿದರೂ ತಿರುಗಿ ಬರುತ್ತದೆ, ಒಳಗೆ ಇಳಿಯುವುದಿಲ್ಲ ಎಂಬ ಅರ್ಥದಲ್ಲಿ. ಉಳಿದ ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅಕ್ಷತೆ ಬಿದ್ದವು. ಜನ ಊಟಕ್ಕೆ ಎದ್ದರು. ಕಾಫಿ ಮೇಜಿನ ಮುಂದೆ ಮಕ್ಕಳು, ಅವರ ಹಿಂದೆ ಬೀಗರು. ಅಷ್ಟರಲ್ಲಿ ಯಂತ್ರದ ತಲೆಯ ಮೇಲಿನ ವಾಲ್ವಿನಿಂದ ಹಬೆ ಸೋರತೊಡಗಿತು. ಮೊದಲು ಸಣ್ಣಗೆ, ಆಮೇಲೆ ಬಿಡದೆ. ಕೊಳವೆಗೆ ಬರಬೇಕಾದ ಹಬೆ ಅಲ್ಲೇ ಹೋಗುತ್ತಿದ್ದುದರಿಂದ ಹಾಲು ಉಕ್ಕಲಿಲ್ಲ. ಒಂದು ಮಗ್ಗಿಗೆ ಐದು ನಿಮಿಷ. ಬೀಗರಲ್ಲೊಬ್ಬರು, ‘ಮಾಸ್ತರ, ನಿಮ್ಮ ಎಕ್ಸ್‌ಪ್ರೆಸ್ ಪ್ಯಾಸೆಂಜರ್ ಆತಲ್ರಿ’ ಎಂದರು. ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು.

‘ಆ ತೂತು ಯಾಕೆ ತೆರೆದು ಇಟ್ಟೀದಿ? ಒಂದು ಕಟ್ಟಿಗೆ ಬೆಣೆ ಹೊಡೆದು ಮುಚ್ಚು, ಮ್ಯಾಲೆ ತಂತಿ ಬಿಗಿ,’ ಎಂದೆ.

ಹುಡುಗ ತಲೆ ತಗ್ಗಿಸಿಯೇ ಹೇಳಿದ: ‘ಬ್ಯಾಡ್ರಿ ಸರ್. ಅದು ಮುಚ್ಚಂಗಿಲ್ರಿ.’

‘ಮುಂದೆ ಗೇಜ್ ಐತಲ್ಲ, ನೋಡ್ಕೋತ ನಿಂದ್ರು. ಮುಳ್ಳು ಏರಿದ್ರ ಉರಿ ಸಣ್ಣ ಮಾಡು. ಇಷ್ಟು ತಿಳಿಯಂಗಿಲ್ಲೇನು?’

‘ಆ ಮುಳ್ಳಿನ ಮ್ಯಾಲೆ ನಂಗ ಭರವಸ ಇಲ್ರಿ ಸರ್.’

ಎಂಟುನೂರು ಜನರ ನಡುವೆ, ನಪಾಸಾದ ಹುಡುಗನೊಬ್ಬ ವಿಜ್ಞಾನದ ಮಾಸ್ತರನಿಗೆ ಎದುರು ಹೇಳುತ್ತಿದ್ದಾನೆ. ನನ್ನ ಬಾಯಿಂದ ಹಳೆಯ ಹೆಸರು ಹೊರಬಿತ್ತು. ‘ಗೋಡೆ ಗೋಡೇನೇ ನೋಡು,’ ಎಂದೆ. ಅವನು ಏನೂ ಅನ್ನಲಿಲ್ಲ. ಬಗ್ಗಿ ಉರಿ ಆರಿಸಿದ. ಕೊಳವೆಯ ತಿರುಪು ಪೂರ್ತಿ ತೆರೆದು ಒಳಗಿನ ಹಬೆಯನ್ನೆಲ್ಲ ಹೊರಗೆ ಬಿಟ್ಟ. ನಾವು ಅಡುಗೆಯವರ ಪಾತೇಲಿಯಲ್ಲಿ ಹಾಲು ಕಾಯಿಸಿ, ಪುಡಿ ಕಲಸಿ, ಸೌಟಿನಿಂದ ಕಾಫಿ ಹಂಚಿದೆವು. ಮದುವೆ ನಿಲ್ಲಲಿಲ್ಲ. ಆದರೆ ಬಾಡಿಗೆಯ ಮಾಲಕರು ಸಂಜೆ ಬಂದಾಗ ನಾನು ಅರ್ಧ ರೊಕ್ಕವನ್ನಷ್ಟೇ ಕೊಟ್ಟೆ.

ಮರುದಿನ ಬೆಳಿಗ್ಗೆ ಶಾಮಿಯಾನ ಬಿಚ್ಚುವ ಹೊತ್ತಿಗೆ ಆ ಹುಡುಗ ಯಂತ್ರವನ್ನು ಗಾಡಿಗೆ ಏರಿಸುತ್ತಿದ್ದ. ನನ್ನನ್ನು ನೋಡಿ, ‘ಸರ್, ಒಂದು ಸಲ ಇಲ್ಲಿ ನೋಡ್ರಿ,’ ಎಂದ. ರಾತ್ರಿಯಿಡೀ ತಣ್ಣಗೆ ನಿಂತ ಯಂತ್ರ. ಟಾಕಿಯ ಮುಚ್ಚಳ ತೆಗೆದಿದೆ. ಒಳಗೆ ಒತ್ತಡದ ಮಾತೇ ಇಲ್ಲ. ಆದರೂ ಗೇಜಿನ ಮುಳ್ಳು ನಿನ್ನೆ ತೋರಿಸಿದ ಅಂಕಿಯನ್ನೇ ತೋರಿಸುತ್ತ ಅಲ್ಲೇ ನಿಂತಿತ್ತು.

ಅವನು ಗೇಜನ್ನು ಬಿಚ್ಚಿ ತೋರಿಸಿದ. ಟಾಕಿಯಿಂದ ಅದಕ್ಕೆ ಹೋಗುವ ಸೂಜಿಯಷ್ಟು ಸಣ್ಣ ದಾರಿ ಬಿಳಿಯ ಸುಣ್ಣದಿಂದ ಕಟ್ಟಿಹೋಗಿತ್ತು. ವಾಲ್ವಿನ ಬಿಲ್ಲೆಯ ಕೆಳಗೂ ಅದೇ ಸುಣ್ಣದ ಹಳಕು ಸಿಕ್ಕಿಕೊಂಡಿತ್ತು, ಆದ್ದರಿಂದಲೇ ಸೋರಿಕೆ. ‘ಮಾಲಕರಿಗೆ ಹೇಳೀನ್ರಿ ಸರ್. ಸೋಲಾಪುರದಿಂದ ಸಾಮಾನ ಬರಬೇಕು ಅಂದಾರ,’ ಎಂದಷ್ಟೇ ಹೇಳಿದ. ನಾನು ಹೇಳಿದಂತೆ ಬೆಣೆ ಹೊಡೆದಿದ್ದರೆ ಆ ಯಂತ್ರದ ಕಣ್ಣೂ ಕುರುಡು, ಬಾಯಿಯೂ ಬಂದ್. ಉರಿ ಮಾತ್ರ ಕೆಳಗೆ ಉರಿಯುತ್ತಿತ್ತು. ಸುತ್ತ ಮಕ್ಕಳು.

ಆ ದಿನ ಮನೆಗೆ ಬಂದು ಲೆಕ್ಕ ಹಾಕಿದೆ. ವಿದ್ಯಾರ್ಥಿಗಳೇ, ನೀವೂ ಹಾಕಿ ನೋಡಿ. ಟಾಕಿಯ ಮುಚ್ಚಳದ ಅಡ್ಡಳತೆ 20 ಸೆಂಟಿಮೀಟರ್ ಎಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡವೆಂದರೆ ಕಾಫಿ ಯಂತ್ರದ ಬಾಯ್ಲರಿಗೆ ಸಾಮಾನ್ಯ. ಆಗ ಆ ಮುಚ್ಚಳವನ್ನು ಒಳಗಿನಿಂದ ನೂಕುವ ಬಲ 314 ಕಿಲೋ, ಅಂದರೆ ಮೂರು ಕ್ವಿಂಟಲ್ ತೊಗರಿ ಮೇಲೆ ಹೇರಿದಷ್ಟು. ಒತ್ತಡ ಎರಡು ಪಟ್ಟಾದರೆ ಆರು ಕ್ವಿಂಟಲ್.

ಮುಚ್ಚಳ ಹಾರುವುದಕ್ಕಿಂತ ದೊಡ್ಡ ಅಪಾಯ ನೀರಿನಲ್ಲಿದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಆ ಒತ್ತಡದಲ್ಲಿ ಅದು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಕಾಯುತ್ತದೆ. ಟಾಕಿ ಒಡೆದರೆ ಆ ಹೆಚ್ಚಿನ 20 ಡಿಗ್ರಿ ಶಾಖ ಒಂದೇ ಕ್ಷಣದಲ್ಲಿ ನೀರನ್ನು ಹಬೆ ಮಾಡಲು ಹೊರಡುತ್ತದೆ. ಹತ್ತು ಲೀಟರ್ ನೀರಿನಲ್ಲಿರುವ ಹೆಚ್ಚಿನ ಶಾಖ ಎರಡು ಲಕ್ಷ ಕ್ಯಾಲೊರಿ. ಒಂದು ಗ್ರಾಂ ನೀರು ಹಬೆಯಾಗಲು 540 ಕ್ಯಾಲೊರಿ ಬೇಕು. ಭಾಗಿಸಿದರೆ ಸುಮಾರು 370 ಗ್ರಾಂ ನೀರು ಹಬೆಯಾಗುತ್ತದೆ. 100 ಡಿಗ್ರಿಯಲ್ಲಿ ಒಂದು ಗ್ರಾಂ ಹಬೆ ಹಿಡಿಯುವ ಜಾಗ ಒಂದೂವರೆ ಲೀಟರಿಗಿಂತ ಹೆಚ್ಚು. ಹೀಗೆ ಕಣ್ಣು ಮಿಟುಕಿಸುವುದರೊಳಗೆ ಆರುನೂರು ಲೀಟರಿನಷ್ಟು, ಅಂದರೆ ಮೂರು ದೊಡ್ಡ ಡ್ರಮ್ಮು ತುಂಬುವಷ್ಟು ಸುಡುವ ಹಬೆ. ಉಳಿದ ಒಂಬತ್ತು ಲೀಟರಿಗೂ ಹೆಚ್ಚು ಕುದಿನೀರನ್ನು ಅದು ತನ್ನೊಂದಿಗೆ ಎರಚುತ್ತದೆ.

ಮಗ್ಗಿನ ಹಾಲನ್ನು ಇಷ್ಟು ಬೇಗ ಕಾಯಿಸುವುದೂ ಇದೇ ಗುಪ್ತೋಷ್ಣ. ಒಂದು ಕಪ್ಪು ಹಾಲನ್ನು 30ರಿಂದ 80 ಡಿಗ್ರಿಗೆ ಏರಿಸಲು ಸುಮಾರು 13 ಗ್ರಾಂ ಹಬೆ ಸಾಕು. ಆ ಹಬೆ ಹಾಲಿನಲ್ಲೇ ತಣಿದು ನೀರಾಗಿ ಉಳಿಯುತ್ತದೆ. ಮದುವೆಯ ಕಾಫಿ ಯಾವಾಗಲೂ ಸ್ವಲ್ಪ ತೆಳು ಏಕೆ ಎಂಬುದಕ್ಕೆ ಉತ್ತರ ಇದರಲ್ಲಿದೆ. ಹಾಲಿನವರನ್ನೇ ಪೂರ್ತಿ ಬೈಯಬೇಕಾಗಿಲ್ಲ.

ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇ? ಅಲ್ಲ. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಎಲುಬನ್ನೂ ಮೆತ್ತಗೆ ಬೇಯಿಸುವ ತನ್ನ ಪಾತ್ರೆಯನ್ನು ತೋರಿಸಿದ್ದು, ಅದು ಒಡೆಯದಿರಲೆಂದು ತೂಕದಿಂದ ಒತ್ತಿ ಹಿಡಿದ ರಕ್ಷಣಾ ವಾಲ್ವನ್ನು ಯೋಜಿಸಿದ್ದು, ಅದೇ ನಮ್ಮ ಇಂದಿನ ಕುಕ್ಕರಿನ ಅಜ್ಜ ಎಂಬುದು, ಇವನ್ನೆಲ್ಲ ನಾನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಗೊತ್ತಿದ್ದದ್ದು ಬೀಗರ ಒಂದು ನಗುವಿಗೆ ಮರೆತುಹೋಯಿತು.

ಒಂದು ವರ್ಷದ ಮೇಲೆ ಅಫಜಲಪುರದ ಬಸ್ ನಿಲ್ದಾಣದ ಹತ್ತಿರ ಅವನು ಮತ್ತೆ ಸಿಕ್ಕ. ಒಂದು ಡಬ್ಬಾ ಅಂಗಡಿಯಲ್ಲಿ ಸ್ಟೋವು, ಕುಕ್ಕರು ರಿಪೇರಿ ಮಾಡುತ್ತ ಕೂತಿದ್ದ. ಬಾಡಿಗೆಯವರ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ಗೊತ್ತಾಯಿತು. ನಾನು ಕೊಡದೆ ಉಳಿಸಿಕೊಂಡ ಅರ್ಧ ಬಾಡಿಗೆಯನ್ನು ಮಾಲಕರು ಇವನ ಪಗಾರದಲ್ಲಿ ಮುರಿದುಕೊಂಡಿದ್ದರು. ಗಿರಾಕಿಯ ಮಾತು ಕೇಳದವನು ಬೇಡವೆಂದು ಕೆಲಸದಿಂದಲೂ ತೆಗೆದಿದ್ದರು.

ನಾನು ಜೇಬಿಗೆ ಕೈ ಹಾಕಿದೆ. ಅವನು ನನ್ನ ಕೈ ಹಿಡಿದು ತಡೆದ. ‘ರೊಕ್ಕ ಬ್ಯಾಡ್ರಿ ಸರ್. ನಮ್ಮ ಸಾಲ್ಯಾಗ ಕಪಾಟಿನ್ಯಾಗ ಒಂದು ಅಳತೀ ಪಟ್ಟಿ ಇತ್ತಲ್ರಿ, ಹಿಂದ ಮುಂದ ಜರಗೋದು, ಅದು ಓದೋದು ಹೇಳಿಕೊಡ್ರಿ,’ ಎಂದ. ಅವನು ಕೇಳಿದ್ದು ವರ್ನಿಯರ್ ಕ್ಯಾಲಿಪರ್.

ಅದು ಯಾಕೆ ಬೇಕೆಂದು ಆಮೇಲೆ ತಿಳಿಯಿತು. ನಮ್ಮ ಕಡೆ ಬಿಡಿಭಾಗ ಬೇಕಾದರೆ ಸೋಲಾಪುರಕ್ಕೆ ಹೋಗಬೇಕು, ಇಲ್ಲವೆ ಕಲಬುರಗಿಗೆ, ಅಲ್ಲಿಯೂ ಸಿಗದಿದ್ದರೆ ಹೈದರಾಬಾದಿಗೆ. ಅಂಗಡಿಯವರು ಕೇಳುವ ಮೊದಲ ಮಾತು, ‘ಹಳೇದು ತಂದೀರೇನು?’ ಆದರೆ ಹಳೆಯ ಗ್ಯಾಸ್ಕೆಟ್ಟು ಒಣಗಿ, ಕುಗ್ಗಿ, ಒತ್ತಿಹೋಗಿರುತ್ತದೆ. ಅದರ ಅಳತೆಗೆ ಹೊಸದನ್ನು ತಂದರೆ ಕೂಡುವುದಿಲ್ಲ. ಅಳೆಯಬೇಕಾದದ್ದು ಉಂಗುರವನ್ನಲ್ಲ, ಅದು ಕೂರುವ ಗಾಳೆಯನ್ನು. ಉದಾಹರಣೆಗೆ ಇ-61 ಮಾದರಿಯ ಯಂತ್ರದಲ್ಲಿ ಕಾಫಿ ಪುಡಿಯ ಹಿಡಿ ಕೂರುವ ಜಾಗದ ಗ್ಯಾಸ್ಕೆಟ್ಟಿನ ಹೊರ ಅಡ್ಡಳತೆ 73, ಒಳ ಅಡ್ಡಳತೆ 57 ಮಿಲಿಮೀಟರ್. ದಪ್ಪ 8 ಮಿಲಿಮೀಟರಿನದೂ ಇದೆ, ಎಂಟೂವರೆಯದೂ ಇದೆ. ಈ ಅರ್ಧ ಮಿಲಿಮೀಟರಿನಲ್ಲಿ ಯಂತ್ರ ಸೋರುವುದೂ ಸೋರದಿರುವುದೂ ನಿಂತಿರಬಹುದು. ಸಾಲೆಯ ಪಟ್ಟಿಯಲ್ಲಿ ಅರ್ಧ ಮಿಲಿಮೀಟರು ಅಂದಾಜು. ವರ್ನಿಯರಿನಲ್ಲಿ ಅದು ಐದು ಗೆರೆ.

ಎರಡು ಭಾನುವಾರ ಅವನಿಗೆ ವರ್ನಿಯರ್ ಹೇಳಿಕೊಟ್ಟೆ. ಎರಡನೆಯ ಭಾನುವಾರ ಅವನು ನನಗೆ ಚೂಡಿಯ ಲೆಕ್ಕ ಹೇಳಿಕೊಟ್ಟ. ಬೋಲ್ಟು, ಕೊಳವೆಗಳ ಮೇಲಿನ ಚೂಡಿಗಳಿಗೆ ಒಂದು ಅಳತೆ ಇರಬೇಕೆಂದು 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಹೇಳಿದ್ದನ್ನು ನಾನು ಓದಿದ್ದೆ. ಆ ಬ್ರಿಟಿಷ್ ಕೊಳವೆ ಚೂಡಿಯೇ ಇಟಲಿಯ ಕಾಫಿ ಯಂತ್ರದಲ್ಲೂ, ನಮ್ಮ ಮನೆಯ ನಲ್ಲಿಯಲ್ಲೂ ಇರುವುದರಿಂದ ಎಷ್ಟೋ ಜೋಡಣೆಗಳಿಗೆ ನಲ್ಲಿ ಸಾಮಾನಿನ ಅಂಗಡಿಯ ತುಂಡೇ ಸಾಕಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ‘ಎಲ್ಲಾ ಸಾಮಾನ ಹಂಗ ಕೂಡಿಸಬಹುದ್ರಿ ಸರ್, ವಾಲ್ ಒಂದು ಬಿಟ್ಟು,’ ಎಂದ. ರಕ್ಷಣಾ ವಾಲ್ವಿನ ಚೂಡಿ ಕೂಡಿದರೆ ಸಾಲದು, ಅದು ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಎಂಬುದೂ ಕೂಡಬೇಕು. ಹೆಚ್ಚಿನ ಒತ್ತಡಕ್ಕೆ ತೆರೆಯುವ ವಾಲ್ವನ್ನು ಹಾಕುವುದೂ ಬೆಣೆ ಹೊಡೆಯುವುದೂ ಒಂದೇ.

ಆ ಸುಣ್ಣದ ಕಥೆಯನ್ನೂ ಹೇಳಿಬಿಡುತ್ತೇನೆ. ಆಳಂದ, ಅಫಜಲಪುರ ಕಪ್ಪು ಎರೆಮಣ್ಣಿನ, ಅಗ್ನಿಶಿಲೆಯ ನೆಲ. ಜೇವರ್ಗಿಯಿಂದ ಶಹಾಬಾದ, ಚಿತ್ತಾಪುರ, ಸೇಡಂ ಕಡೆಗೆ ಹೋದಂತೆ ಸುಣ್ಣದ ಕಲ್ಲಿನ ಸೀಮೆ. ನಮ್ಮ ಮನೆಗಳಿಗೆ ಹಾಸುವ ಫರ್ಸಿ ಕಲ್ಲೂ, ವಾಡಿಯ ಸಿಮೆಂಟೂ ಅದರಿಂದಲೇ. ಇಂಥ ನೆಲದಲ್ಲಿ ಬೋರಿನ ನೀರು ಗಡಸು. ನೀರಿನಲ್ಲಿ ಕಾಣದಂತೆ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದೊಡನೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದ ಕಲ್ಲೇ ಆಗಿ ಟಾಕಿಗೆ ಅಂಟುತ್ತದೆ. ಶಾಖ ಸಾಗಿಸುವುದರಲ್ಲಿ ಅದು ತಾಮ್ರಕ್ಕಿಂತ ನೂರು ಪಾಲಿಗೂ ಹೆಚ್ಚು ಮಂದ. ಆದ್ದರಿಂದ ಕಾಯಿಲ್ ಒಳಗೇ ಕಾದು ಸುಡುತ್ತದೆ, ಸಣ್ಣ ದಾರಿಗಳು ಕಟ್ಟುತ್ತವೆ. ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ನೆನೆ ಹಾಕಿದರೆ ಈ ಪದರ ನೊರೆಯುತ್ತ ಬಿಡುತ್ತದೆ. ನಿಮ್ಮ ಮನೆಯ ನೀರು ಕಾಯಿಸುವ ಹೀಟರಿನ ಮೇಲೆ ಕೂತ ಬಿಳಿ ಪದರವೂ ಇದೇ. ಅದನ್ನು ಕಲ್ಲಿನಿಂದ ಕುಟ್ಟಿ ತೆಗೆಯಬೇಡಿ. ಮೊದಲು ಪ್ಲಗ್ಗು ತೆಗೆದು, ತಣ್ಣಗಾದ ಮೇಲೆ ಒಂದು ರಾತ್ರಿ ನಿಂಬೆರಸದ ನೀರಿನಲ್ಲಿ ಇಡಿ. ಮನೆಯೊಳಗೇ ಒಂದು ರಸಾಯನಶಾಸ್ತ್ರದ ಪ್ರಯೋಗ ಆಗುತ್ತದೆ.

ಈಗ ಅವನದು ದೊಡ್ಡ ಅಂಗಡಿ. ಕಾಲವೂ ಬದಲಾಗಿದೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ನಿಜವಾದ ಎಸ್ಪ್ರೆಸ್ಸೊ ನಮಗೆ ದೂರದ ಸುದ್ದಿ. ಈಗ ಕಲಬುರಗಿಯ ಹುಡುಗರಿಗೂ ಅದು ಹೊಸದಲ್ಲ. ಅಂಥ ಯಂತ್ರ ನಿಂತರೆ ಇವನನ್ನು ಕರೆಯುತ್ತಾರೆ. ಭಾಗಗಳು ಅಂಚೆಯಲ್ಲಿ, ಕೊರಿಯರಿನಲ್ಲಿ ಬರುತ್ತವೆ. ಕೆಲವು ಬರುವುದೇ ಇಲ್ಲ. ಒಂದು ಸಣ್ಣ ಉಂಗುರಕ್ಕೆ ಇಡೀ ಜೋಡಣೆಯನ್ನೇ ಕೊಳ್ಳಿರಿ ಎಂಬ ಉತ್ತರ ಬರುತ್ತದೆ. ಇಂಥ ತೊಂದರೆ ಕಾಫಿ ಯಂತ್ರಕ್ಕೆ ಮಾತ್ರವಲ್ಲ, ಫೋನಿಗೂ ಇದೆ, ಟ್ರ್ಯಾಕ್ಟರಿಗೂ ಇದೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿಯೇ ಒಂದು ಪೋರ್ಟಲ್ ಆರಂಭಿಸಿತು. ಕೊಂಡವನಿಗೆ ತನ್ನ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ದಾರಿ ಇರಬೇಕು ಎಂಬುದು ಅದರ ಹಿಂದಿನ ವಿಚಾರ. ಒಳ್ಳೆಯದೇ. ಆದರೆ ಹಕ್ಕು ಇದ್ದರೆ ಸಾಲದು, ಕೈಯೂ ಬೇಕು. ಆ ಕೈಗಳನ್ನು ನಾವು ನಪಾಸಾದವರ ಪಟ್ಟಿಯಲ್ಲಿ ಬರೆದು ಮರೆಯುತ್ತೇವೆ.

ತಾಯಂದಿರಿಗೆ ಒಂದು ಮಾತು. ನಿಮ್ಮ ಕುಕ್ಕರಿನ ಸೀಟಿಯ ರಂಧ್ರವನ್ನು ಪ್ರತಿ ಸಲ ಬೆಳಕಿಗೆ ಹಿಡಿದು ನೋಡಿ. ಬೇಳೆಯ ಸಿಪ್ಪೆ ಕೂತಿದ್ದರೆ ತೆಗೆಯಿರಿ. ಮುಚ್ಚಳದ ಮೇಲಿನ ಸಣ್ಣ ರಕ್ಷಣಾ ಬಿಲ್ಲೆ ಕರಗಿ ಹೋದರೆ ಅದು ಕೆಟ್ಟಿತೆಂದಲ್ಲ, ತನ್ನ ಕೆಲಸ ಮಾಡಿತೆಂದು ಅರ್ಥ. ಅದೇ ಕಂಪನಿಯ ಹೊಸ ಬಿಲ್ಲೆಯನ್ನೇ ಹಾಕಿಸಿ. ಅಲ್ಲಿ ಮೊಳೆ, ನಾಣ್ಯ, ಎಂ-ಸೀಲ್ ಯಾವುದೂ ಬೇಡ. 2021ರ ಫೆಬ್ರುವರಿಯಿಂದ ಮನೆಬಳಕೆಯ ಕುಕ್ಕರಿಗೆ ಐಎಸ್ಐ ಗುರುತು ಕಡ್ಡಾಯ. ಆದರೆ ಆ ಗುರುತು ಕೊಂಡ ದಿನದ ಕುಕ್ಕರಿಗೆ. ನೀವು ಮೊಳೆ ಹೊಡೆದ ಕುಕ್ಕರಿಗಲ್ಲ.

ಕೆಲವು ವರ್ಷಗಳ ಹಿಂದೆ ಅವನನ್ನು ಒಮ್ಮೆ ಕೇಳಿದೆ: ‘ಅವತ್ತು ಅಷ್ಟು ಮಂದಿ ಮುಂದ ನಾನು ಹೇಳಿದ್ರೂ ನೀ ಯಾಕ ಮುಚ್ಚಲಿಲ್ಲ?’ ನಿಜ ಹೇಳಬೇಕೆಂದರೆ, ‘ನೀವೇ ತರಗತಿಯಲ್ಲಿ ಹೇಳಿದ್ದಿರಿ ಸರ್’ ಎಂಬ ಉತ್ತರವನ್ನು ನಾನು ಒಳಗೊಳಗೇ ಬಯಸಿದ್ದೆ. ಮಾಸ್ತರರ ಆಸೆ ಅಂಥದು. ಅವನು ಹೇಳಿದ್ದು ಬೇರೆ. ಸೋಲಾಪುರದಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದರಿಗೆ ಒಂದು ಕಣ್ಣಿರಲಿಲ್ಲ. ಯಾರದೋ ಅವಸರಕ್ಕೆ ಒಂದು ವಾಲ್ವಿನ ಮೇಲೆ ತಂತಿ ಬಿಗಿದಿದ್ದರಂತೆ. ಹೊಸ ಹುಡುಗ ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಪಾನಾ ಕೈಗೆ ಕೊಡುತ್ತಿರಲಿಲ್ಲ. ತಮ್ಮ ಕನ್ನಡಕ ತೆಗೆದು ಮುಖ ತೋರಿಸುತ್ತಿದ್ದರು.

ಮದುವೆಯ ಯಂತ್ರದ ಆ ಹಳೆಯ ವಾಲ್ವನ್ನು ಅವನು ನನಗೆ ಕೊಟ್ಟಿದ್ದಾನೆ. ಸುಣ್ಣ ಹಾಗೆಯೇ ಇದೆ. ಅದು ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ವರ್ನಿಯರಿನ ಪಕ್ಕದಲ್ಲಿದೆ. ಒತ್ತಡದ ಪಾಠ ಬಂದಾಗ ಅದನ್ನು ಹುಡುಗರ ಕೈಯಿಂದ ಕೈಗೆ ಕಳಿಸುತ್ತೇನೆ. ಪಾಪಿನ್ನನ ಚಿತ್ರ ಬರೆಯುತ್ತೇನೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ: ಮದುವೆ ಮನೆ, ಎಂಟುನೂರು ಜನ ಕಾಯುತ್ತಿದ್ದಾರೆ, ನಿಮ್ಮ ಮಾಸ್ತರರೇ ಬಂದು ವಾಲ್ವು ಮುಚ್ಚು ಎನ್ನುತ್ತಾರೆ, ಏನು ಮಾಡುತ್ತೀರಿ? ಎಲ್ಲರೂ ಕೈ ಎತ್ತುತ್ತಾರೆ. ಎಲ್ಲರದೂ ಸರಿ ಉತ್ತರವೇ.

ಕಳೆದ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಕೈ ಎತ್ತಲಿಲ್ಲ. ಎಲ್ಲರೂ ಸುಮ್ಮನಾದ ಮೇಲೆ ಎದ್ದು ನಿಂತು, ‘ಸರ್, ಹಂಗ ಹೇಳಿದ ಮಾಸ್ತರ್ ಯಾರ್ರಿ?’ ಎಂದು ಕೇಳಿದಳು.

ನಾನೇ ಎಂದು ಹೇಳಿದೆ.